ಪಣವೊಡ್ಡದ ಜೂಜುಗಾರ

ಬಡತನದಲ್ಲಿ ಹುಟ್ಟಿ ಸಿರಿತನದಲ್ಲಿ ಕಣ್ಣು ಮುಚ್ಚಿದವರ ಕಥೆಯೆಂದರೆ ನಮ್ಮ ಜನಕ್ಕೆ ಬಲು ಇಷ್ಟ. ಕಾಲೇಜಿನ ವಾರ್ಷಿಕೋತ್ಸವಕ್ಕೆ ಬರುವ ಅತಿಥಿಗಳು ಅಂಥದೊಂದು ಕಥೆಯನ್ನು ಜೇಬಿನಲ್ಲಿಟ್ಟುಕೊಂಡೇ ವೇದಿಕೆ ಹತ್ತುತ್ತಾರೆ. ಪುಸ್ತಕದಂಗಡಿಯ ಮುಂದಿನ ಕಪಾಟು ಅಂಥ ಕಥೆಗಳಿಂದಲೇ ತುಂಬಿರುತ್ತದೆ. ಹುಡುಗ ಬೀದಿಯಲ್ಲಿ ಪತ್ರಿಕೆ ಮಾರಿದ, ಬೆಳೆದು ಅರಮನೆ ಕಟ್ಟಿದ, ನೀವೂ ಕಟ್ಟಿರಿ: ಇಷ್ಟೇ ಅವುಗಳ ಸಾರ. ಈ ಜಾತಿಯ ಕಥೆಗಳಿಗೆ ಅಮೆರಿಕದ ಜೂಜುಮನೆಗಳ ಒಡೆಯ ಷೆಲ್ಡನ್ ಅಡೆಲ್ಸನ್ನನ ಬಾಳು ಹೇಳಿ ಮಾಡಿಸಿದಂತಿದೆ. ಅದನ್ನು ಬೆರಗಿನಿಂದ ಹೇಳುವವರನ್ನು ನಾನು ಕೇಳಿದ್ದೇನೆ, ಬರೆದವರನ್ನು ಓದಿದ್ದೇನೆ. ನನ್ನ ತಕರಾರು ಅವರ ಬೆರಗಿನ ಮೇಲಲ್ಲ. ಕಥೆಯ ಅರ್ಧವನ್ನಷ್ಟೇ ಹೇಳಿ ಚಪ್ಪಾಳೆ ಗಿಟ್ಟಿಸಿಕೊಳ್ಳುತ್ತಾರೆ ಎಂಬುದರ ಮೇಲೆ. ಜೂಜಿನಿಂದ ಸಿರಿ ಬಂದದ್ದು ಪೂರ್ವಾರ್ಧ. ಆ ಸಿರಿಯ ಬಲದಿಂದ ಆತ ರಾಜಕಾರಣಿಯಾದದ್ದು, ಅದೂ ಒಂದು ದಿನವಾದರೂ ಜನರೆದುರು ನಿಂತು ಮತ ಕೇಳದೆ ಆದದ್ದು, ಉತ್ತರಾರ್ಧ. ಈ ಉತ್ತರಾರ್ಧವನ್ನು ನುಂಗಿ ಪೂರ್ವಾರ್ಧವನ್ನು ಹೊಗಳುವುದು ತರುಣರ ಕಣ್ಣಿಗೆ ಮಣ್ಣೆರಚುವ ಕೆಲಸ ಎಂಬುದು ನನ್ನ ವಾದ.

ಮೊದಲು ಪೂರ್ವಾರ್ಧವನ್ನೇ ನ್ಯಾಯವಾಗಿ ಹೇಳಿಬಿಡೋಣ. ಅಡೆಲ್ಸನ್ ಹುಟ್ಟಿದ್ದು ೧೯೩೩ರಲ್ಲಿ, ಬಾಸ್ಟನ್ ನಗರದ ಡಾರ್ಚೆಸ್ಟರ್ ಎಂಬ ಬಡವರ ಮೊಹಲ್ಲದಲ್ಲಿ. ತಂದೆ ಟ್ಯಾಕ್ಸಿ ಓಡಿಸುತ್ತಿದ್ದ. ವಲಸೆ ಬಂದ ಯೆಹೂದಿ ಮನೆತನ. ಕೈ ಸದಾ ಬಿಗಿ. ಹನ್ನೆರಡನೆಯ ವಯಸ್ಸಿಗೆ ಹುಡುಗ ಚಿಕ್ಕಪ್ಪನಿಂದ ೨೦೦ ಡಾಲರು ಸಾಲ ತಂದು ಬೀದಿಯ ಮೂಲೆಯಲ್ಲಿ ಪತ್ರಿಕೆ ಮಾರುವ ಹಕ್ಕನ್ನು ಕೊಂಡನಂತೆ. ಆಮೇಲೆ ಹತ್ತಾರು ವ್ಯಾಪಾರ; ಕೆಲವು ಕೈಹಿಡಿದವು, ಕೆಲವು ಮುಳುಗಿದವು. ೧೯೭೯ರಲ್ಲಿ ಲಾಸ್ ವೇಗಸ್ ನಗರದಲ್ಲಿ ಕಾಮ್‌ಡೆಕ್ಸ್ ಎಂಬ ಕಂಪ್ಯೂಟರ್ ಜಾತ್ರೆಯನ್ನು ಆರಂಭಿಸಿದ. ಕಂಪ್ಯೂಟರು ಎಂದರೆ ಏನೆಂದು ಲೋಕಕ್ಕೆ ಇನ್ನೂ ಸರಿಯಾಗಿ ತಿಳಿಯದಿದ್ದ ಕಾಲ ಅದು. ಆ ಜಾತ್ರೆಯನ್ನೂ ಅದರ ಜೊತೆಗಿದ್ದ ಇತರ ಪ್ರದರ್ಶನಗಳನ್ನೂ ೧೯೯೫ರಲ್ಲಿ ಜಪಾನಿನ ಕಂಪೆನಿಯೊಂದಕ್ಕೆ ಮಾರಿದಾಗ ಬಂದ ಬೆಲೆ ೮೬ ಕೋಟಿ ಡಾಲರಿಗೂ ಮೇಲೆ. ಇದರಲ್ಲಿ ದೂರದೃಷ್ಟಿಯಿದೆ, ಶ್ರಮವಿದೆ. ಇಲ್ಲವೆನ್ನುವವನು ಹೊಟ್ಟೆಕಿಚ್ಚಿನವನು.

ಜಾತ್ರೆಗೆ ಬಂದವರು ತಂಗಬೇಕಲ್ಲ? ಎಂಬತ್ತರ ದಶಕದ ಕೊನೆಗೆ ಆತ ಪಾಲುದಾರರೊಡನೆ ಸೇರಿ ವೇಗಸ್‌ನ ಹಳೆಯ ಸ್ಯಾಂಡ್ಸ್ ಹೋಟೆಲನ್ನು ಅದರ ಜೂಜುಮನೆಯ ಸಮೇತ ಕೊಂಡ; ೧೯೯೬ರಲ್ಲಿ ಅದನ್ನು ಕೆಡವಿಸಿ, ೧೯೯೯ರಲ್ಲಿ ಅದೇ ಜಾಗದಲ್ಲಿ ‘ವೆನೀಷಿಯನ್’ ಎಂಬ ಮಾಯಾನಗರಿಯನ್ನು ಎಬ್ಬಿಸಿದ. ಮರಳುಗಾಡಿನ ನಡುವೆ ಕಾಲುವೆ, ಕಾಲುವೆಯಲ್ಲಿ ದೋಣಿ, ದೋಣಿಯಲ್ಲಿ ಹಾಡುವ ಅಂಬಿಗ, ತಲೆಯ ಮೇಲೆ ಬಣ್ಣ ಬಳಿದ ಆಕಾಶ. ೨೦೦೪ರಲ್ಲಿ ಚೀನದ ಅಂಚಿನ ಮಕಾವಿಗೆ ಕಾಲಿಟ್ಟ. ಪೋರ್ಚುಗಲ್ ಆ ನಗರವನ್ನು ಚೀನಕ್ಕೆ ಮರಳಿಸಿ ಆಗ ಐದು ವರ್ಷವೂ ತುಂಬಿರಲಿಲ್ಲ. ಅಲ್ಲಿ ಹೂಡಿದ ಇಪ್ಪತ್ತಾರು ಕೋಟಿ ಡಾಲರು ಒಂದು ವರ್ಷದೊಳಗೆ ಮರಳಿ ಬಂತೆಂದು ಪ್ರತೀತಿ. ೨೦೦೬ರ ಹೊತ್ತಿಗೆ ಮಕಾವಿನ ಜೂಜಿನ ಆದಾಯ ವೇಗಸ್‌ನ ಹೆದ್ದಾರಿಯದನ್ನೂ ಮೀರಿಸಿತು. ೨೦೧೦ರಲ್ಲಿ ಸಿಂಗಪುರದ ಸಮುದ್ರತೀರದಲ್ಲಿ ಮೂರು ಗೋಪುರಗಳ ಹೋಟೆಲು ಎದ್ದಿತು. ಟ್ಯಾಕ್ಸಿ ಚಾಲಕನ ಮಗ ಲೋಕದ ಮಹಾಧನಿಕರ ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡ.

ಈ ಸಿರಿ ಎಲ್ಲಿಂದ ಬಂತು ಎಂದು ಕೇಳಬೇಕಾದ್ದು ಇಲ್ಲೇ. ‘ಅದೃಷ್ಟದ ಆಟ’ ಎನ್ನುತ್ತೇವೆ. ಅದೃಷ್ಟ ಆಡುವವನದು, ಆಡಿಸುವವನಿಗೆ ಅದೃಷ್ಟದ ಗೊಡವೆಯೇ ಇಲ್ಲ. ರೂಲೆಟ್ ಎಂಬ ತಿರುಗುಚಕ್ರವನ್ನು ನೋಡಿ. ಯುರೋಪಿನ ಚಕ್ರದಲ್ಲಿ ಒಂದರಿಂದ ೩೬ರವರೆಗಿನ ಮನೆಗಳು, ಜೊತೆಗೆ ಒಂದು ಸೊನ್ನೆ, ಒಟ್ಟು ೩೭. ಗೆದ್ದ ಮನೆಗೆ ಒಂದಕ್ಕೆ ೩೫ರಂತೆ ಬಹುಮಾನ. ನೀವು ಎಲ್ಲ ೩೭ ಮನೆಗಳ ಮೇಲೂ ಒಂದೊಂದು ರೂಪಾಯಿ ಇಟ್ಟರೆ, ಖಂಡಿತವಾಗಿ ಗೆಲ್ಲುತ್ತೀರಿ. ಗೆದ್ದು ನಿಮ್ಮ ಕೈಗೆ ಬರುವುದು ೩೬ ರೂಪಾಯಿ. ಆ ಒಂದು ರೂಪಾಯಿ ಒಡೆಯನದು. ಅಮೆರಿಕದ ಚಕ್ರದಲ್ಲಿ ಸೊನ್ನೆಗಳು ಎರಡು. ಒಡೆಯನಿಗೆ ೩೮ರಲ್ಲಿ ಎರಡು ರೂಪಾಯಿ. ಇಷ್ಟೂ ಸಾಲದೆಂದು ೨೦೧೬ರಲ್ಲಿ ಅಡೆಲ್ಸನ್ನನ ವೆನೀಷಿಯನ್ನಿನಲ್ಲೇ ಮೂರನೆಯ ಮನೆಯೊಂದನ್ನು ಸೇರಿಸಿದ ಚಕ್ರ ಬಂತು: ೩೯ ಮನೆ, ಬಹುಮಾನ ಮೊದಲಿನಷ್ಟೇ, ಒಡೆಯನಿಗೆ ಮೂರು ರೂಪಾಯಿ. ಇದರಲ್ಲಿ ಮೋಸವಿಲ್ಲ, ಎಲ್ಲ ಕಣ್ಣೆದುರಿಗೇ ಇದೆ. ಒಂದು ಸುತ್ತಿನಲ್ಲಿ ಒಡೆಯ ಸೋಲಬಹುದು, ಒಂದು ರಾತ್ರಿಯಲ್ಲಿ ಸೋಲಬಹುದು. ಚಕ್ರ ತಿರುಗುತ್ತಲೇ ಇದ್ದರೆ ಅವನು ಸೋಲುವಂತಿಲ್ಲ. ಈ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಅಡೆಲ್ಸನ್ನನ ರಾಜಕಾರಣಕ್ಕೆ ಬೀಗದ ಕೈ ಇದೇ.

ಜೂಜು ಹಳೆಯದು, ಅದರಿಂದ ಲಾಭ ಪಡೆದವರೂ ಹಳಬರು, ಅಡೆಲ್ಸನ್ನನೊಬ್ಬನನ್ನೇ ಏಕೆ ಹಿಡಿದಿರಿ ಎನ್ನುವವರುಂಟು. ಹಳೆಯದೆಂಬುದು ನಿಜ. ಜೂಜುಗಾರನ ಅಳಲು ಋಗ್ವೇದದಲ್ಲೇ ಇದೆ. ಕೌಟಿಲ್ಯನು ದ್ಯೂತಾಧ್ಯಕ್ಷನನ್ನು ನೇಮಿಸಿ, ಗೆದ್ದ ಹಣದಲ್ಲಿ ನೂರಕ್ಕೆ ಐದನ್ನು ಸರಕಾರಕ್ಕೆ ವಸೂಲು ಮಾಡಹೇಳಿದ. ಆದರೆ ಕೌಟಿಲ್ಯನ ವ್ಯವಸ್ಥೆಯಲ್ಲಿ ಅರಸು ಮೇಲೆ, ಜೂಜುಕಟ್ಟೆ ಕೆಳಗೆ. ಕಟ್ಟೆಯ ಮೇಲೆ ಅರಸನ ಕಾವಲು. ಕಟ್ಟೆಯ ಒಡೆಯನೇ ಅರಸನನ್ನು ಆರಿಸುವ ಸ್ಥಿತಿಯನ್ನು ಆ ಧೂರ್ತ ಮಂತ್ರಿಯೂ ಕಲ್ಪಿಸಿಕೊಂಡಿರಲಾರ.

ಆ ಸ್ಥಿತಿ ಬಂದದ್ದು ಹೀಗೆ. ಅಮೆರಿಕದಲ್ಲಿ ಅಭ್ಯರ್ಥಿಯೊಬ್ಬನಿಗೆ ನೇರವಾಗಿ ಕೊಡಬಹುದಾದ ಹಣಕ್ಕೆ ಮಿತಿಯಿದೆ. ೨೦೧೨ರಲ್ಲಿ ಅದು ಒಂದು ಚುನಾವಣೆಗೆ ೨,೫೦೦ ಡಾಲರು. ಅದೇ ೨೦೧೦ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಐವರು ನ್ಯಾಯಾಧೀಶರು ಒಂದು ಕಡೆ, ನಾಲ್ವರು ಒಂದು ಕಡೆಯಾಗಿ ಒಂದು ತೀರ್ಪು ಕೊಟ್ಟಿತ್ತು. ಅಭ್ಯರ್ಥಿಯ ಕೈಗೆ ಕೊಡದೆ, ಹೊರಗೆ ನಿಂತು ಸ್ವತಂತ್ರವಾಗಿ ಮಾಡುವ ಪ್ರಚಾರದ ವೆಚ್ಚವು ವಾಕ್ ಸ್ವಾತಂತ್ರ್ಯಕ್ಕೆ ಸೇರಿದ್ದು, ಅದಕ್ಕೆ ಕಡಿವಾಣ ಸಲ್ಲದು ಎಂಬುದು ಅದರ ತಾತ್ಪರ್ಯ. ಮುಂಬಾಗಿಲಿಗೆ ಬೀಗ, ಹಿತ್ತಿಲ ಬಾಗಿಲಿಗೆ ತೋರಣ! ಹಿತ್ತಿಲಿನಿಂದ ದೊಡ್ಡ ಗಂಟು ಹೊತ್ತು ಒಳಹೊಕ್ಕವರಲ್ಲಿ ಅಡೆಲ್ಸನ್ ಮೊದಲಿಗ. ೨೦೧೨ರ ಚುನಾವಣೆಯಲ್ಲಿ ಆತನೂ ಆತನ ಪತ್ನಿ ಮಿರಿಯಮ್ಮಳೂ ಸುರಿದ ಹಣ, ಲೆಕ್ಕಕ್ಕೆ ಸಿಕ್ಕಿದ್ದೇ, ಒಂಬತ್ತು ಕೋಟಿ ಡಾಲರಿಗೆ ಕಡಿಮೆಯಿಲ್ಲ. ಮೊದಲು ನ್ಯೂಟ್ ಗಿಂಗ್ರಿಚ್ ಎಂಬಾತನ ಬೆನ್ನಿಗೆ, ಆತ ಮುಗ್ಗರಿಸಿದ ಮೇಲೆ ಮಿಟ್ ರಾಮ್ನಿಯ ಬೆನ್ನಿಗೆ. ಇಬ್ಬರೂ ಸೋತರು. ಒಬಾಮಾ ಮತ್ತೆ ಗೆದ್ದ.

‘ನೋಡಿದಿರಾ, ಹಣದಿಂದ ಚುನಾವಣೆ ಗೆಲ್ಲಲಾಗದು, ಪ್ರಜೆ ಜಾಣ’ ಎಂದು ಆಗ ಅನೇಕರು ನಕ್ಕರು. ನಕ್ಕವರು ಚಕ್ರದ ಲೆಕ್ಕವನ್ನು ಮರೆತಿದ್ದರು. ಸಾವಿರಾರು ಕೋಟಿ ಡಾಲರಿನ ಒಡೆಯನಿಗೆ ಒಂಬತ್ತು ಕೋಟಿಯ ಸೋಲು ಒಂದು ಸುತ್ತಿನ ಸೋಲು. ಮತ್ತೆ ಆಡಿದ. ೨೦೧೬ರಲ್ಲಿ ಟ್ರಂಪ್ ಗೆದ್ದಾಗ ಪದವಿ ಸ್ವೀಕಾರದ ಉತ್ಸವಕ್ಕೆ ಅಡೆಲ್ಸನ್ ಕೊಟ್ಟದ್ದು ೫೦ ಲಕ್ಷ ಡಾಲರು. ಆತ ಬಹುಕಾಲದಿಂದ ಬಯಸಿದ್ದ ಎರಡು ಕೆಲಸಗಳು ೨೦೧೮ರ ಮೇ ತಿಂಗಳ ಒಂದೇ ವಾರದಲ್ಲಿ ನಡೆದವು: ಇರಾನಿನ ಅಣು ಒಪ್ಪಂದದಿಂದ ಅಮೆರಿಕ ಹೊರಬಂತು, ಇಸ್ರೇಲಿನಲ್ಲಿದ್ದ ಅದರ ರಾಯಭಾರ ಕಚೇರಿ ಜೆರುಸಲೇಮಿಗೆ ಬಂತು. ಆ ವರ್ಷದ ನವೆಂಬರಿನಲ್ಲಿ ಶ್ರೀಮತಿ ಅಡೆಲ್ಸನ್ನಳಿಗೆ ರಾಷ್ಟ್ರಾಧ್ಯಕ್ಷರ ಸ್ವಾತಂತ್ರ್ಯ ಪದಕ. ಕೊಟ್ಟದ್ದರಿಂದಲೇ ಆಯಿತೆಂದು ನಾನು ಹೇಳುವುದಿಲ್ಲ. ಹಾಗೆ ಸಾಧಿಸಿ ತೋರಿಸುವುದು ಸಾಧ್ಯವೂ ಇಲ್ಲ. ಸಾಧಿಸಲಾಗದಂತೆ ಇರುವುದೇ ಈ ಏರ್ಪಾಡಿನ ಜಾಣತನ. ಮತ ಕೊಟ್ಟ ಪ್ರಜೆ ತನ್ನ ಬೀದಿಯ ದೀಪಕ್ಕಾಗಿ ಅರ್ಜಿ ಹಿಡಿದು ನಿಲ್ಲುತ್ತಾನೆ. ಹಣ ಕೊಟ್ಟವನು ಅರ್ಜಿ ಬರೆಯಬೇಕಾಗಿಯೇ ಇಲ್ಲ.

ಇದೇ ಮನುಷ್ಯ ೨೦೧೩ರಲ್ಲಿ ನ್ಯೂಯಾರ್ಕಿನ ವಿಶ್ವವಿದ್ಯಾನಿಲಯವೊಂದರ ವೇದಿಕೆಯಲ್ಲಿ, ಇರಾನಿನ ಮರುಭೂಮಿಯಲ್ಲಿ ಒಂದು ಅಣುಬಾಂಬು ಹಾಕಿ ಅವರನ್ನು ಎಚ್ಚರಿಸಬೇಕು ಎಂದು ಸಲಹೆ ಕೊಟ್ಟಿದ್ದ. ಶಾಸನಸಭೆಯ ಸದಸ್ಯನೊಬ್ಬ ಹಾಗೆಂದಿದ್ದರೆ ಮುಂದಿನ ಚುನಾವಣೆಯಲ್ಲಿ ಅದಕ್ಕೆ ಉತ್ತರ ಹೇಳಬೇಕಾಗುತ್ತಿತ್ತು. ಅಡೆಲ್ಸನ್ ಯಾರಿಗೆ ಉತ್ತರ ಹೇಳಬೇಕು? ಆತ ಯಾವ ಕ್ಷೇತ್ರದ ಪ್ರತಿನಿಧಿ?

ಪತ್ರಿಕೆ ಮಾರಿದ ಹುಡುಗನ ಚಿತ್ರ ಎಲ್ಲರಿಗೂ ಮೆಚ್ಚು. ಆ ಹುಡುಗ ಬೆಳೆದು ಪತ್ರಿಕೆಯನ್ನು ಏನು ಮಾಡಿದನೆಂಬುದನ್ನೂ ಹೇಳಬೇಡವೆ? ೨೦೦೭ರಲ್ಲಿ ಅಮೆರಿಕದ ಪ್ರಜೆಯಾದ ಈತ ಇಸ್ರೇಲಿನಲ್ಲಿ ‘ಇಸ್ರೇಲ್ ಹಯೋಮ್’ ಎಂಬ ದಿನಪತ್ರಿಕೆಯನ್ನು ಆರಂಭಿಸಿ ಪುಕ್ಕಟೆಯಾಗಿ ಹಂಚಿಸತೊಡಗಿದ. ಆ ದೇಶದಲ್ಲಿ ವ್ಯಕ್ತಿಯೊಬ್ಬ ಚುನಾವಣೆಗೆ ಕೊಡಬಹುದಾದ ಹಣಕ್ಕೆ ಬಿಗಿಯಾದ ಮಿತಿಯುಂಟು. ಪತ್ರಿಕೆ ಹಂಚುವುದಕ್ಕೆ ಮಿತಿಯಿಲ್ಲ. ಪತ್ರಿಕೆ ನೆತನ್ಯಾಹುವಿನ ಕಡೆಗೆ ವಾಲಿತ್ತೆಂಬುದು ಅಲ್ಲಿ ಗುಟ್ಟಿನ ಮಾತಲ್ಲ. ಕಾಸು ಕೊಟ್ಟು ಕೊಳ್ಳಬೇಕಾದ ಪತ್ರಿಕೆಗಳನ್ನು ಹಿಂದಿಕ್ಕಿ ಕೆಲವೇ ವರ್ಷಗಳಲ್ಲಿ ಇದು ಅತಿ ಹೆಚ್ಚು ಓದುಗರ ಪತ್ರಿಕೆಯಾಯಿತು. ಪುಕ್ಕಟೆ ಪತ್ರಿಕೆಯನ್ನು ತಡೆಯುವ ಮಸೂದೆಯೊಂದು ೨೦೧೪ರ ನವೆಂಬರಿನಲ್ಲಿ ಪಾರ್ಲಿಮೆಂಟಿನ ಪ್ರಾಥಮಿಕ ವಾಚನವನ್ನು ದಾಟಿತು. ಡಿಸೆಂಬರಿನಲ್ಲಿ ಪಾರ್ಲಿಮೆಂಟೇ ವಿಸರ್ಜನೆಯಾಯಿತು. ಇನ್ನು ೨೦೧೫ರ ಡಿಸೆಂಬರಿನಲ್ಲಿ ವೇಗಸ್‌ನ ಮುಖ್ಯ ದಿನಪತ್ರಿಕೆ ‘ರಿವ್ಯೂ ಜರ್ನಲ್’ ೧೪ ಕೋಟಿ ಡಾಲರಿಗೆ ಮಾರಾಟವಾಯಿತು. ಕೊಂಡವರು ಯಾರೆಂದು ಅದರ ಸಂಪಾದಕೀಯ ಸಿಬ್ಬಂದಿಗೇ ಹೇಳಲಿಲ್ಲ. ತಮ್ಮ ಹೊಸ ಯಜಮಾನ ಯಾರೆಂಬುದನ್ನು ವರದಿಗಾರರು ತಾವೇ ಪತ್ತೆಹಚ್ಚಿ ತಮ್ಮ ಪತ್ರಿಕೆಯಲ್ಲೇ ಅಚ್ಚುಮಾಡಬೇಕಾಯಿತು: ಅಡೆಲ್ಸನ್ ಕುಟುಂಬ. ಮುಖ ಮುಚ್ಚಿಕೊಂಡು ಕೊಳ್ಳುವವನು ಸರಕಿಗಾಗಿ ಕೊಳ್ಳುವುದಿಲ್ಲ.

ಹಣವೆಂದರೆ ಮಾತು, ಮಾತಿಗೆ ಮಿತಿ ಕೂಡದು ಎಂಬ ತತ್ತ್ವವನ್ನು ಒಪ್ಪಿಕೊಂಡರೂ ಒಂದು ಪ್ರಶ್ನೆ ಉಳಿಯುತ್ತದೆ: ಯಾರ ಮಾತಿಗೆ? ೧೯೯೯ರಲ್ಲಿ ವೆನೀಷಿಯನ್ ಬಾಗಿಲು ತೆರೆಯುವ ಮುನ್ನ, ಅಲ್ಲಿ ಕಾರ್ಮಿಕ ಸಂಘಕ್ಕೆ ಎಡೆಯಿಲ್ಲವೆಂದು ತಿಳಿದು ಹೋಟೆಲು ಕಾರ್ಮಿಕರು ಅದರ ಮುಂದಿನ ಕಾಲುದಾರಿಯಲ್ಲಿ ಘೋಷಣೆ ಕೂಗುತ್ತ ನಡೆದರು. ಆ ದಾರಿ ತಮ್ಮ ಖಾಸಗಿ ಸ್ವತ್ತು, ಅಲ್ಲಿ ನಡೆದವರು ಅತಿಕ್ರಮಣಕಾರರು ಎಂದು ಹೋಟೆಲಿನ ಒಡೆತನ ಕೋರ್ಟಿನ ಮೆಟ್ಟಿಲೇರಿತು. ೨೦೦೧ರಲ್ಲಿ ಮೇಲ್ಮನವಿ ನ್ಯಾಯಾಲಯ ಕಾರ್ಮಿಕರ ಪಕ್ಷವಾಗಿ ತೀರ್ಪಿತ್ತಿತು. ದಾರಿ ಜನ ನಡೆಯುವ ದಾರಿ, ಅಲ್ಲಿ ಮಾತಾಡುವ ಹಕ್ಕು ಅವರದು ಎಂದಿತು. ಹಾಸಿಗೆ ಮಡಿಸುವವಳ ಬಾಯಿಮಾತು ಅತಿಕ್ರಮಣ, ಒಡೆಯನ ಒಂಬತ್ತು ಕೋಟಿ ಡಾಲರು ವಾಕ್ ಸ್ವಾತಂತ್ರ್ಯ! ಉತ್ತರಾರ್ಧವನ್ನು ಓದದವರಿಗೆ ಈ ಸ್ವಾರಸ್ಯ ತಿಳಿಯುವುದು ಹೇಗೆ?

ಇಲ್ಲಿ ಇನ್ನೊಂದು ಗುಂಪಿನವರೊಡನೆಯೂ ನಾನು ಜಗಳವಾಡಬೇಕಾಗಿದೆ. ಅಡೆಲ್ಸನ್ನನ ಹೆಸರು ಬಂದೊಡನೆ ಕಣ್ಣು ಮಿಟುಕಿಸಿ, ‘ಯೆಹೂದಿಯಲ್ಲವೆ, ಹಣ ಅವರಿಗೆ ಹೇಳಿಕೊಟ್ಟ ವಿದ್ಯೆ’ ಎನ್ನುವ ವಿದ್ಯಾವಂತರು ನಮ್ಮಲ್ಲೂ ಇದ್ದಾರೆ. ಷೈಲಾಕನ ಪಾತ್ರವನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿ, ಅವನ ಮೇಲೆ ಉಗುಳಿದವರು ಯಾರೆಂಬುದನ್ನು ಮರೆತವರು ಇವರು. ಈ ಮಾತು ನೀಚವಾದದ್ದು, ಜೊತೆಗೆ ಸುಳ್ಳು. ಅಡೆಲ್ಸನ್ ಮರಳುಗಾಡಿನಲ್ಲಿ ನಕಲು ಮಾಡಿದ ಆ ವೆನಿಸ್ ನಗರದ ಚರಿತ್ರೆಯನ್ನೇ ನೋಡಲಿ. ೧೫೧೬ರಲ್ಲಿ ಯೆಹೂದಿಗಳನ್ನು ಒಂದು ಮೂಲೆಗೆ ತಳ್ಳಿ ರಾತ್ರಿಯ ಹೊತ್ತು ಬೀಗ ಜಡಿದದ್ದು ವೆನಿಸ್. ‘ಘೆಟ್ಟೊ’ ಎಂಬ ಮಾತು ಲೋಕಕ್ಕೆ ಬಂದದ್ದು ಅಲ್ಲಿಂದ. ೧೬೩೮ರಲ್ಲಿ ಸರಕಾರದ ಅನುಮತಿಯೊಡನೆ ಸಾರ್ವಜನಿಕ ಜೂಜುಮನೆಯನ್ನು ತೆರೆದದ್ದೂ ವೆನಿಸ್. ಅಲ್ಲಿ ಮೇಜಿನ ಒಡೆತನ ಯೆಹೂದಿಗಳದಾಗಿರಲಿಲ್ಲ, ಆ ನಗರದ ಕುಲೀನ ಕ್ರೈಸ್ತರದಾಗಿತ್ತು. ಜೂಜು ಕಟ್ಟಿಸಿದ್ದು ಮತವಲ್ಲ. ಜೂಜನ್ನು ಕಟ್ಟಲು ಬಿಟ್ಟ ಕಾನೂನು.

ಅಡೆಲ್ಸನ್ನನ ರಾಜಕಾರಣವೂ ಅಷ್ಟೆ. ೨೦೧೨ರಲ್ಲಿ ಆತ ಒಬಾಮಾನನ್ನು ಕೆಳಗಿಳಿಸಲು ಹಣ ಸುರಿಯುತ್ತಿದ್ದಾಗ ಅಮೆರಿಕದ ಯೆಹೂದಿ ಮತದಾರರಲ್ಲಿ ಮೂರರಲ್ಲಿ ಎರಡು ಪಾಲು ಜನ ಒಬಾಮಾನಿಗೇ ಮತ ಕೊಟ್ಟರು. ಆತನ ಪತ್ರಿಕೆಯನ್ನು ತಡೆಯಲು ಮಸೂದೆ ತಂದದ್ದು ಇಸ್ರೇಲಿನ ಪಾರ್ಲಿಮೆಂಟಿನ ಸದಸ್ಯರೇ. ಒಬ್ಬ ಧನಿಕನ ತಪ್ಪನ್ನು ಅವನ ಜನಾಂಗದ ತಲೆಗೆ ಕಟ್ಟುವವನು ಜನಾಂಗಕ್ಕೂ ಅನ್ಯಾಯ ಮಾಡುತ್ತಾನೆ, ತಪ್ಪನ್ನೂ ಮರೆಮಾಡುತ್ತಾನೆ.

ಈ ಮಾತಿಗೆ ಸಾಕ್ಷಿಯಾಗಿ ಇನ್ನೊಬ್ಬ ಯೆಹೂದಿ ಜೂಜು ಉದ್ಯಮಿಯನ್ನು ಕರೆಯುತ್ತೇನೆ. ಇಸ್ರೇಲಿನ ಅವಿ ಷಾಕೆಡ್, ತನ್ನ ಸಹೋದರ ಹಾಗೂ ಇನ್ನಿಬ್ಬರು ಸಹೋದರರೊಡನೆ ೧೯೯೭ರಲ್ಲಿ ಅಂತರಜಾಲದ ಜೂಜು ಕಂಪೆನಿಯನ್ನು ಸ್ಥಾಪಿಸಿದವನು. ‘೮೮೮’ ಎಂದು ಅದರ ಹೆಸರಾಗಿತ್ತು. ಜಿಬ್ರಾಲ್ಟರಿನಲ್ಲಿ ಕಚೇರಿ, ೨೦೦೫ರಲ್ಲಿ ಲಂಡನ್ ಷೇರುಪೇಟೆಗೆ ಪ್ರವೇಶ, ೨೦೦೬ರಲ್ಲಿ ಅಮೆರಿಕ ಹೊಸ ಕಾನೂನು ತಂದಾಗ ಅಲ್ಲಿಂದ ನಿರ್ಗಮನ. ಜೂಜುಮನೆಗೆ ಹೋಗುವವನಾದರೂ ಬಟ್ಟೆ ಹಾಕಿಕೊಂಡು ಹೊರಡಬೇಕು. ಈ ಜೂಜು ಮಲಗುವ ಕೋಣೆಗೇ ಬಂತು. ಆದ್ದರಿಂದ ಷಾಕೆಡ್‌ನ ಉದ್ಯಮಕ್ಕೆ ನಾನು ಆರತಿ ಎತ್ತುವುದಿಲ್ಲ. ಆದರೆ ರಾಜಕಾರಣದ ಬಯಕೆ ಹುಟ್ಟಿದಾಗ ಈತ ಮಾಡಿದ್ದೇನು? ಲೇಬರ್ ಪಕ್ಷದ ನಾಯಕತ್ವಕ್ಕೆ ಅಭ್ಯರ್ಥಿಯಾಗಿ ನಿಂತ. ೨೦೨೧ರ ಜನವರಿ ೨೪ರಂದು ಪಕ್ಷದ ಸದಸ್ಯರು ಮತ ಹಾಕಿದರು. ಪತ್ರಕರ್ತೆಯಾಗಿದ್ದ ಮೆರಾವ್ ಮಿಖಾಯೆಲಿ ಭಾರಿ ಅಂತರದಿಂದ ಗೆದ್ದಳು. ಷಾಕೆಡ್‌ಗೆ ಸಿಕ್ಕಿದ್ದು ಸುಮಾರು ಐದರಲ್ಲಿ ಒಂದು ಪಾಲು. ಅಲ್ಲಿಗೆ ಮುಗಿಯಿತು. ಜನರೆದುರು ಹೆಸರನ್ನು ಪಣಕ್ಕಿಟ್ಟ, ಸೋತ.

ಅದೇ ಜನವರಿಯ ೧೧ರಂದು ಅಡೆಲ್ಸನ್ ತೀರಿಕೊಂಡಿದ್ದ. ಒಂದು ತಿಂಗಳು, ಇಬ್ಬರು ಮನುಷ್ಯರು, ಒಂದೇ ಉದ್ಯಮ, ಒಂದೇ ಜನಾಂಗ. ಒಬ್ಬನನ್ನು ಕೆಲವು ಸಾವಿರ ಸಾಮಾನ್ಯ ಸದಸ್ಯರು ಒಂದು ಚೀಟಿಯಿಂದ ಮನೆಗೆ ಕಳುಹಿಸಿದರು. ಇನ್ನೊಬ್ಬನನ್ನು ಕಳುಹಿಸುವ ಚೀಟಿ ಯಾವ ಪ್ರಜೆಯ ಕೈಯಲ್ಲೂ ಇರಲಿಲ್ಲ, ಮರಣವೇ ಬರಬೇಕಾಯಿತು. ಮರಣದಿಂದಲೂ ಮೇಜು ಮುಚ್ಚಲಿಲ್ಲ: ೨೦೨೪ರ ಚುನಾವಣೆಯಲ್ಲಿ ಟ್ರಂಪ್ ಪರವಾಗಿ ಮಿರಿಯಮ್ ಅಡೆಲ್ಸನ್ ಕೊಟ್ಟ ಹಣ ೧೦ ಕೋಟಿ ಡಾಲರನ್ನು ದಾಟಿತು.

ನಮ್ಮ ಓದುಗರಿಗೆ ಈ ವಿಷಯ ಹೊಸದಾಗಿ ಕಾಣಬೇಕಾಗಿಲ್ಲ. ಸಭಾಪರ್ವದ ಜೂಜಿನಲ್ಲಿ ಎಲ್ಲರೂ ನೆನೆಯುವುದು ಶಕುನಿಯ ದಾಳವನ್ನು, ದ್ರೌಪದಿಯ ಸೀರೆಯನ್ನು. ಅದಕ್ಕೂ ಮೊದಲು, ಆಟದ ಆರಂಭದಲ್ಲೇ, ವ್ಯಾಸಭಾರತದಲ್ಲಿ ಒಂದು ಸಣ್ಣ ಮಾತುಕತೆ ನಡೆಯುತ್ತದೆ. ಹಣವನ್ನು ತಾನು ಒಡ್ಡುವುದಾಗಿಯೂ ತನ್ನ ಬದಲು ಸೋದರಮಾವ ಆಡುವುದಾಗಿಯೂ ದುರ್ಯೋಧನ ಹೇಳುತ್ತಾನೆ. ಒಬ್ಬನ ಪರವಾಗಿ ಇನ್ನೊಬ್ಬ ಆಡುವುದು ಸರಿಯಾದ ಆಟವಲ್ಲ ಎಂದು ಧರ್ಮರಾಯ ಆಕ್ಷೇಪಿಸುತ್ತಾನೆ, ಆಕ್ಷೇಪಿಸಿಯೂ ಕುಳಿತುಕೊಳ್ಳುತ್ತಾನೆ. ಮುಂದಿನ ಅನರ್ಥವೆಲ್ಲ ಆ ಆಕ್ಷೇಪವನ್ನು ಕೈಬಿಟ್ಟದ್ದರ ಫಲ ಎಂದು ನಾನು ತರಗತಿಯಲ್ಲಿ ಹೇಳುವುದುಂಟು. ಧನ ಒಬ್ಬನದು, ಕೈ ಇನ್ನೊಬ್ಬನದು ಆದಾಗ, ಗೆದ್ದರೆ ಲಾಭ ಧನಿಕನಿಗೆ, ಸಿಕ್ಕಿಬಿದ್ದರೆ ಕೆಟ್ಟ ಹೆಸರು ಆಡಿದವನಿಗೆ. ಶಕುನಿಯನ್ನು ಬಯ್ಯುವ ನಾಲಗೆಗಳು ಲಕ್ಷ. ದುರ್ಯೋಧನನ ಬೊಕ್ಕಸವನ್ನು ಕೇಳಿದವರೆಷ್ಟು?

ಆತ ದಾನಿಯಲ್ಲವೆ ಎನ್ನುತ್ತಾರೆ. ಹೌದು, ದಾನಿ. ಯೆಹೂದಿಗಳ ನರಮೇಧದ ಸ್ಮಾರಕಕ್ಕೆ, ವೈದ್ಯಕೀಯ ಸಂಶೋಧನೆಗೆ ಕೊಟ್ಟಿದ್ದಾನೆ. ೨೦೨೦ರಲ್ಲಿ ಮಹಾಮಾರಿಯಿಂದ ಹೋಟೆಲುಗಳು ಮುಚ್ಚಿದಾಗ ಕೆಲಸಗಾರರ ಸಂಬಳ ನಿಲ್ಲಿಸಲಿಲ್ಲ. ಇವಕ್ಕೆ ಕೃತಜ್ಞತೆ ಸಲ್ಲಲಿ. ಆದರೆ ದಾನದ ಪಟ್ಟಿಯಲ್ಲಿ ಒಂದು ವಸ್ತು ನನ್ನನ್ನು ಬಹಳ ಯೋಚನೆಗೆ ಹಚ್ಚಿದೆ. ಪತ್ನಿ ಮಿರಿಯಮ್ ಮಾದಕ ವ್ಯಸನದ ಚಿಕಿತ್ಸೆಯಲ್ಲಿ ಪರಿಣತಳಾದ ವೈದ್ಯೆ. ಅಡೆಲ್ಸನ್ ಹೆಸರಿನ ವ್ಯಸನ ಚಿಕಿತ್ಸಾಲಯಗಳು ೧೯೯೩ರಲ್ಲಿ ಟೆಲ್ ಅವೀವಿನಲ್ಲೂ ೨೦೦೦ದಲ್ಲಿ ವೇಗಸ್‌ನಲ್ಲೂ ಆರಂಭವಾದವು. ೨೦೧೩ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಪಟ್ಟಿಯನ್ನು ಪರಿಷ್ಕರಿಸಿದಾಗ ಜೂಜಿನ ಗೀಳನ್ನು ಮದ್ಯ, ಅಫೀಮುಗಳ ಚಟದ ಸಾಲಿಗೇ ಸೇರಿಸಿತು. ಅಂದಮೇಲೆ ಒಂದೇ ಊರಿನಲ್ಲಿ, ಒಂದೇ ಮನೆತನದ ಹೆಸರಿನಲ್ಲಿ, ಒಂದು ಬಾಗಿಲು ಚಟಕ್ಕೆ, ಇನ್ನೊಂದು ಬಾಗಿಲು ಚಿಕಿತ್ಸೆಗೆ. ವೈದ್ಯೆಯ ಕಳಕಳಿಯನ್ನು ನಾನು ಶಂಕಿಸುವುದಿಲ್ಲ. ಮೊದಲ ಬಾಗಿಲಿನ ಅಗಲವೆಷ್ಟು, ಎರಡನೆಯದರ ಅಗಲವೆಷ್ಟು ಎಂದಷ್ಟೇ ಕೇಳುತ್ತೇನೆ.

ಅಂತರಜಾಲದ ಜೂಜನ್ನು ಅಡೆಲ್ಸನ್ ಕಟುವಾಗಿ ವಿರೋಧಿಸಿದ. ಎಳೆಯರೂ ಬಡವರೂ ಹಾಳಾಗುತ್ತಾರೆಂದು ೨೦೧೪ರಲ್ಲಿ ಅದಕ್ಕಾಗಿ ಒಂದು ಕೂಟವನ್ನೇ ಕಟ್ಟಿದ. ಅವನ ಮಾತು ನಿಜ. ಅದು ಅವನ ವ್ಯಾಪಾರಕ್ಕೆ ಅನುಕೂಲವಾದ ನಿಜ ಎಂಬುದೂ ನಿಜ. ನಮ್ಮ ತರಗತಿಗಳ ಹಿಂದಿನ ಬೆಂಚಿನಲ್ಲಿ ಫೋನು ಹಿಡಿದು ರಮ್ಮಿಯಾಡಿ ಪರೀಕ್ಷೆಯ ಶುಲ್ಕವನ್ನು ಕಳೆದುಕೊಂಡ ಹುಡುಗರನ್ನು ಕಂಡಿರುವ ನನಗೆ ಅದರಲ್ಲಿ ಸಂಶಯವಿಲ್ಲ. ಕರ್ನಾಟಕ ೨೦೦೭ರಲ್ಲಿ ಲಾಟರಿಯನ್ನು ನಿಷೇಧಿಸಿತು. ೨೦೨೧ರಲ್ಲಿ ಅಂತರಜಾಲದ ಹಣದಾಟಗಳನ್ನು ನಿಷೇಧಿಸಿತು. ೨೦೨೨ರ ಫೆಬ್ರವರಿಯಲ್ಲಿ ಹೈಕೋರ್ಟು ಆ ಕಾನೂನಿನ ಮುಖ್ಯ ಭಾಗಗಳನ್ನು ರದ್ದುಮಾಡಿತು. ೨೦೨೫ರ ಆಗಸ್ಟಿನಲ್ಲಿ ಭಾರತದ ಪಾರ್ಲಿಮೆಂಟು ಹಣವೊಡ್ಡುವ ಅಂತರಜಾಲದ ಆಟಗಳನ್ನು ದೇಶಕ್ಕೆಲ್ಲ ಅನ್ವಯಿಸುವಂತೆ ನಿಷೇಧಿಸುವ ಶಾಸನ ಮಾಡಿತು. ಆಡುವವನಿಗೆ ಬೇಲಿ ಹಾಕುವ ವಿಚಾರದಲ್ಲಿ ನಮ್ಮವರು ತಕ್ಕಮಟ್ಟಿಗೆ ಚುರುಕಾಗಿಯೇ ಇದ್ದಾರೆ.

ಆಡಿಸುವವನ ಹಣ ರಾಜ್ಯಾಂಗದೊಳಗೆ ಹರಿಯುವುದಕ್ಕೆ ಬೇಲಿ ಎಲ್ಲಿ? ಅಮೆರಿಕದವರನ್ನು ಕಂಡು ನಗುವ ಅಧಿಕಾರ ನಮಗಿಲ್ಲ. ಕಂಪೆನಿಯೊಂದು ರಾಜಕೀಯ ಪಕ್ಷಕ್ಕೆ ಕೊಡಬಹುದಾದ ಹಣಕ್ಕೆ ನಮ್ಮಲ್ಲಿ ಒಂದು ಮಿತಿಯಿತ್ತು. ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ನೂರಕ್ಕೆ ಏಳೂವರೆ. ೨೦೧೭ರಲ್ಲಿ 그 ಮಿತಿಯನ್ನು ತೆಗೆದುಹಾಕಲಾಯಿತು. ೨೦೧೮ರಲ್ಲಿ ಕೊಟ್ಟವರ ಹೆಸರು ಪ್ರಜೆಗೆ ತಿಳಿಯದಂಥ ಚುನಾವಣಾ ಬಾಂಡುಗಳು ಬಂದವು. ೨೦೨೪ರ ಫೆಬ್ರವರಿ ೧೫ರಂದು ಸುಪ್ರೀಂ ಕೋರ್ಟು ಎರಡನ್ನೂ ಸಂವಿಧಾನಬಾಹಿರವೆಂದು ಸಾರಿ, ಲೆಕ್ಕವನ್ನು ಬಯಲಿಗಿಡಹೇಳಿತು. ಲೆಕ್ಕ ಬಯಲಾದಾಗ ಬಾಂಡುಗಳನ್ನು ಕೊಂಡವರ ಪಟ್ಟಿಯ ತಲೆಯ ಮೇಲೆ ಯಾರಿದ್ದರು? ಉಕ್ಕಿನ ಕಾರ್ಖಾನೆಯಲ್ಲ, ಔಷಧ ಕಂಪೆನಿಯಲ್ಲ. ಒಂದು ಲಾಟರಿ ಕಂಪೆನಿ. ಫ್ಯೂಚರ್ ಗೇಮಿಂಗ್ ಎಂದು ಅದರ ಹೆಸರು, ಕೊಂಡ ಬಾಂಡುಗಳ ಬೆಲೆ ೧,೩೬೮ ಕೋಟಿ ರೂಪಾಯಿ. ಹಣ ಹೋದದ್ದು ಒಂದು ಪಕ್ಷಕ್ಕಲ್ಲ, ಹಲವು ಪಕ್ಷಗಳಿಗೆ. ಎಲ್ಲ ಮನೆಗಳ ಮೇಲೂ ಒಂದೊಂದು ಕಾಸು! ಚಕ್ರದ ಮುಂದೆ ಹಾಗೆ ಆಡಿದವನು ಸೋಲುತ್ತಾನೆಂದು ಮೇಲೆ ಲೆಕ್ಕ ಹಾಕಿದೆವು. ರಾಜಕಾರಣದಲ್ಲಿ ಹಾಗೆ ಆಡುವವನು ಸೋಲುತ್ತಾನೆಯೆ ಎಂಬುದನ್ನು ಓದುಗರೇ ಯೋಚಿಸಲಿ.

ಬಾಂಡು ಹೋಯಿತು, ಬಯಕೆ ಹೋಗಿಲ್ಲ. ನಮ್ಮಲ್ಲಿ ಅಭ್ಯರ್ಥಿಯ ಚುನಾವಣಾ ವೆಚ್ಚಕ್ಕೆ ಮಿತಿಯಿದೆ, ಪಕ್ಷದ ವೆಚ್ಚಕ್ಕೆ ಮಿತಿಯೇ ಇಲ್ಲ. ಅಮೆರಿಕದ ಹಿತ್ತಿಲ ಬಾಗಿಲಿಗೂ ಇದಕ್ಕೂ ಹೆಸರಿನ ವ್ಯತ್ಯಾಸವಷ್ಟೆ. ನನ್ನ ಬೇಡಿಕೆ ದೊಡ್ಡದಲ್ಲ. ಪಕ್ಷಗಳ ವೆಚ್ಚಕ್ಕೂ ಒಂದು ಮಿತಿ ಬರಲಿ. ಯಾರು ಯಾವ ಪಕ್ಷಕ್ಕೆ ಎಷ್ಟು ಕೊಟ್ಟರೆಂಬುದು ಮತ ಹಾಕುವ ಮುನ್ನ ಪ್ರಜೆಗೆ ತಿಳಿಯಲಿ. ಕೋರ್ಟು ಗದರಿಸಿದ ಮೇಲೆ, ಎಲ್ಲ ಮುಗಿದ ಮೇಲೆ ಅಲ್ಲ. ಸರಕಾರದ ಅನುಮತಿಯಿಂದಲೇ ಬದುಕುವ ಉದ್ಯಮಗಳು, ಜೂಜು ಲಾಟರಿಗಳಂಥವು, ಅನುಮತಿ ಕೊಡುವ ಕೈಗೆ ಹಣವಿಡುವುದು ಕೂಡದು ಎಂದು ಶಾಸನವಾಗಲಿ.

ಅದಾಗುವವರೆಗೆ, ಸಾಧಕರ ಕಥೆ ಹೇಳಲು ವೇದಿಕೆ ಹತ್ತುವ ಮಹನೀಯರಲ್ಲಿ ಒಂದು ವಿನಂತಿ. ಅಡೆಲ್ಸನ್ನನ ಕಥೆಯನ್ನು ಧಾರಾಳವಾಗಿ ಹೇಳಿ. ೨೦೦ ಡಾಲರು ಸಾಲ ತಂದ ಹುಡುಗನನ್ನು ಹೊಗಳಿ. ಆಮೇಲೆ ೩೯ ಮನೆಗಳ ಚಕ್ರವನ್ನೂ ಕಪ್ಪುಹಲಗೆಯ ಮೇಲೆ ಬರೆದು ತೋರಿಸಿ. ಹೆಸರು ಹೇಳದೆ ಕೊಂಡ ಪತ್ರಿಕೆಯ ವಿಷಯ ಹೇಳಿ. ಕಾಲುದಾರಿಯಲ್ಲಿ ನಡೆದ ಹೋಟೆಲು ಕೆಲಸಗಾರರ ವಿಷಯವನ್ನೂ ಹೇಳಿ. ಕೊನೆಗೆ ಐದರಲ್ಲಿ ಒಂದು ಪಾಲು ಮತ ಪಡೆದು ಮನೆಗೆ ಹೋದ ಆ ಇನ್ನೊಬ್ಬನನ್ನೂ ನೆನೆಯಿರಿ. ಪ್ರಜಾಪ್ರಭುತ್ವದಲ್ಲಿ ಸೋಲುವುದಕ್ಕೆ ಸಿದ್ಧನಾಗಿ ಬಂದವನಿಗೆ ಮಾತ್ರ ಗೆಲ್ಲುವ ಹಕ್ಕುಂಟು ಎಂಬುದನ್ನು ನಮ್ಮ ಹುಡುಗರಿಗೆ ಅವನ ಸೋಲು ಕಲಿಸುವಷ್ಟು ಚೆನ್ನಾಗಿ ಅಡೆಲ್ಸನ್ನನ ಗೆಲುವು ಕಲಿಸಲಾರದು.